ಮೂವತ್ತು ದಿನದ ಮಾತು

ಹಲ್ ಊರಿನ ಹಳೇ ಮಾರುಕಟ್ಟೆಯೊಳಗೆ
ಮೀನಿನಂಗಡಿಗೂ ಗುಂಡಿ-ದಾರದಂಗಡಿಗೂ ನಡುವೆ
ಝಲ್ಮಯ್‌ನ ಕಟ್ಟೆ. ಅಗಲ ಮೂರು ಮೊಳ.
ಮೊದಲೆಲ್ಲ ಬಂದವರು ಮೈ ಕೇಳುತ್ತಿದ್ದರಂತೆ:
ಹೊಳೆವ ಗಾಜು, ಮೂರು ಕಣ್ಣಿನ ಕ್ಯಾಮೆರಾ.
ಈಗ ಕೇಳುವುದು
ಕಿರುಬೆರಳ ಉಗುರಿನಷ್ಟು ಜೀವ.
'ಸಿಮ್ ಒಂದೇ ಸಾಕಪ್ಪ, ಫೋನು ಇದೆ.'
ವಾರಕ್ಕೆ ನಲವತ್ತು ಜನ, ಅನ್ನುತ್ತಾನೆ.
ಪಾದ್ರಿ ಕೂಡ ಬಂದಿದ್ದರಂತೆ.

ನನ್ನದು ನಾಲ್ಕು ವರ್ಷದ ಹಳೇ ಫೋನು.
ಮೂಲೆ ಒಡೆದದ್ದು ಮಿಸ್ಟರ್ ಪಿಂಡರ್ ಅವರ ಬಚ್ಚಲಲ್ಲಿ,
ಅವರ ಬೆನ್ನು ಉಜ್ಜುವಾಗ.
'ಬಿಡು, ನನಗಿಂತ ಗಟ್ಟಿ ಇದೆ' ಅಂದಿದ್ದರು.
ಹೌದು, ಗಟ್ಟಿಯೇ.
ಅವರು ಹೋದ ಮೇಲೂ ಇದೆ.

ಕರಾರು ಇಪ್ಪತ್ತನಾಲ್ಕು ತಿಂಗಳದ್ದು,
ತಿಂಗಳಿಗೆ ಮೂವತ್ತೆಂಟು ಪೌಂಡು.
ಮುಗಿಯಿತೆಂದು ಹೇಳಿದ್ದರಂತೆ, ಇರುವೆಸಾಲಿನಂಥ ಸಂದೇಶದಲ್ಲಿ.
ರಾತ್ರಿಪಾಳಿ ಮುಗಿಸಿ ಬಂದವಳು ಓದದೆ ಅಳಿಸಿದ್ದೆ.
ತೀರಿದ ಸಾಲಕ್ಕೆ ಇನ್ನೂ ಹತ್ತೊಂಬತ್ತು ತಿಂಗಳು
ಕಂತು ಕಟ್ಟಿದ ಪೆದ್ದಿ ನಾನು.
ಮೀನಂಗಡಿಯ ಚೀಟಿಯ ಬೆನ್ನಿಗೆ ಝಲ್ಮಯ್ ಲೆಕ್ಕ ಬರೆದ.
ಮೊತ್ತ ಬಾಯಲ್ಲಿ ಹೇಳಲಿಲ್ಲ,
ಚೀಟಿಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದ.
ಏಳುನೂರ ಇಪ್ಪತ್ತೆರಡು.
ಆ ಅಂಕಿಗೂ ಮೀನಿನ ವಾಸನೆ ಹತ್ತಿತ್ತು.

ಬಿಟ್ಟು ಹೋಗುತ್ತೇನೆಂದು ಮೂರಕ್ಷರ ಕಳಿಸಿದೆ.
ನಿಮಿಷ ತುಂಬುವ ಮೊದಲೇ ಬಂತು ಬಿಡುಗಡೆಯ ಸಂಖ್ಯೆ.
ಇಷ್ಟು ವರ್ಷ ಹಿಡಿದವರು
ಇಷ್ಟು ಬೇಗ ಬಿಡುತ್ತಾರೆಯೇ?
ನಾಚಿಕೆಗೇಡು, ನನಗೆ ಸ್ವಲ್ಪ ಬೇಜಾರಾಯಿತು.

ತಟ್ಟೆ ತೆಗೆಯುವ ಸೂಜಿ ಅವನ ಹತ್ತಿರ ಸಿಗಲಿಲ್ಲ.
ಕಿವಿಯೋಲೆ ಬಿಚ್ಚಿ ಕೊಟ್ಟೆ.
ಮೊನೆ ತೂತಿಗಿಳಿದು, ಟಿಕ್ ಎಂದು
ಫೋನು ನಾಲಿಗೆ ಚಾಚಿತು,
ಡಾಕ್ಟರ ಮುಂದೆ ಕೂತ ಹುಡುಗನ ಹಾಗೆ.
ಹಳೆಯದನ್ನು ತೆಗೆದ, ಹೊಸದನ್ನಿಟ್ಟ.
ತಿಂಗಳಿಗೆ ಎಂಟು ಪೌಂಡು. ಮೂವತ್ತು ದಿನ.
ಬೇಕಾದರೆ ಇರು, ಬೇಡವಾದರೆ ನಡೆ.
ನನ್ನ ಸಾಲದ ಚರಿತ್ರೆ ಕೆದಕಿದವರಿಲ್ಲ,
ಎಲ್ಲಿ ಸಹಿ ಎಂದು ಬೆರಳು ತೋರಿದವರಿಲ್ಲ.

ಹೊರಗೆ ಹಂಬರ್ ನದಿಯ ಕಡೆಯಿಂದ ಗಾಳಿ.
ಕೈಬೀಸಿ ನಡೆದೆ, ಯಾರ ಹಂಗೂ ಇಲ್ಲದವಳು,
ಬಸ್ ಸ್ಟಾಪಿನ ತನಕ.

ಅಲ್ಲಿ ನಿಂತಾಗ ಹೊಳೆಯಿತು.
ನಾನಿರುವ ಕೋಣೆಯೂ ತಿಂಗಳ ಮಾತಿನದೇ.
ಏಜೆನ್ಸಿಯವರು ನನ್ನ ಪಾಳಿಯನ್ನು
ಭಾನುವಾರ ರಾತ್ರಿ ಇದೇ ಫೋನಿಗೆ ಕಳಿಸುತ್ತಾರೆ,
ಕಳಿಸದೆಯೂ ಇರುತ್ತಾರೆ.
ಡೆಕ್ಲನ್ ಕೂಡ ಹಾಗೇ ಇದ್ದ,
ಮೂವತ್ತು ದಿನದ ನೋಟಿಸನ್ನೂ ಕೊಡದೆ ಹೋದ,
ಶೇವಿಂಗ್ ಬ್ರಷ್ ಬಿಟ್ಟು.
ಎಂಟು ಪೌಂಡು ಕೊಟ್ಟು ಇವತ್ತು ನಾನು ಕೊಂಡದ್ದನ್ನು
ಇವರೆಲ್ಲ ನನ್ನಿಂದ ಪುಕ್ಕಟೆ ಪಡೆದಿದ್ದರು.

ಬಸ್ಸು ಬಂತು. ಹತ್ತಿದೆ.

ನಾಲ್ಕು ಗಂಟೆಗೆ ಮಿಸೆಸ್ ಟ್ರಾನ್ಮರ್ ಮನೆ.
ಗೋಡೆಯ ಫೋನು ಕೆನೆಬಣ್ಣದ್ದು,
ಮದುವೆಯಾದ ವರ್ಷದಿಂದ ಅದೇ ಸಂಖ್ಯೆ.
ಗಂಡ ಹೋದ, ಬೆಕ್ಕುಗಳು ಹೋದವು, ಸಂಖ್ಯೆ ಕೂತಿದೆ.
'ಕಂಪನಿ ಬದಲಾಯಿಸಿದೆ' ಅಂದೆ.
ಗಾಬರಿಯಾದರು. ಫ್ರಿಜ್ಜಿನ ಬಾಗಿಲಲ್ಲಿ
ದಪ್ಪ ಪೆನ್ನಿನಲ್ಲಿ ಬರೆದುಕೊಂಡ ನನ್ನ ನಂಬರಿನ ಮೇಲೆ
ಬೆರಳಿಟ್ಟರು, ಅದು ಅಳಿಸಿಹೋಗುವುದೇನೋ ಎಂಬಂತೆ.
'ನಂಬರ್ ಅದೇ' ಅಂದೆ.
ನಂಬಲಿಲ್ಲ. ಒಂದೊಂದೇ ಅಂಕಿ ಒತ್ತಿ
ಎದುರಿಗೇ ನಿಂತ ನನಗೆ ಫೋನು ಮಾಡಿದರು.
ಏಪ್ರನ್ನಿನ ಜೇಬು ರಿಂಗಾಯಿತು.
ಎತ್ತಿದೆ. 'ಹಲೋ' ಅಂದರು. 'ಹಲೋ' ಅಂದೆ.

'ಗುರುವಾರ ಬರ್ತೀಯಲ್ಲ?'
ಎರಡು ಕಡೆಯಿಂದ ಕೇಳಿಸಿತು,
ಗಂಟಲಿಂದ ಒಮ್ಮೆ, ಗಾಜಿಂದ ಒಮ್ಮೆ.
ಗುರುವಾರದ ಪಾಳಿ ಇನ್ನೂ ಬಂದಿರಲಿಲ್ಲ.
'ಬರ್ತೀನಿ' ಅಂದೆ.

ಫೋನಿಟ್ಟು ನನ್ನನ್ನೇ ನೋಡಿದರು,
'ಹುಡುಗೀ, ಇನ್ನೊಂದು ಓಲೆ ಎಲ್ಲಿ?'